ಹಳೆಯ ರೈಫಲಿಗೆ ಹಿತ್ತಾಳೆ ಕೇಸ್ (ತೋಟಾದ ಹೊರಕವಚ) ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ

ಇಂಥ ಕೇಸ್ ಕೊಳ್ಳಲು ಹೋಗಿ 36,000 ರೂಪಾಯಿ ಕಳೆದುಕೊಂಡಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಮಾರಾಟಗಾರ ನನಗೆ ಕಳುಹಿಸಿದ್ದ ಅದೇ ಚಿತ್ರ ಮೊನ್ನೆ ಗೋಣಿಕೊಪ್ಪದ ಪರಿಚಿತರೊಬ್ಬರಿಗೂ ಬಂದಿದೆ ಎಂದು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿ, ಅಜ್ಜನ ಕಾಲದ .450/400 ಜೋಡಿ ನಳಿಗೆಯ ರೈಫಲ್ ಇದೆ, ಬ್ರಿಟಿಷ್ ಕೋವಿ ತಯಾರಕ ಜೆಫ್ರಿಯವರ 3 ಇಂಚಿನ ತೋಟಾದ್ದು. ವರ್ಷವರ್ಷವೂ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಂದು ಅದಕ್ಕೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜಿಸುತ್ತೇವೆಯೇ ಹೊರತು ಅದರ ಸದ್ದನ್ನು ನಾನು ಕೇಳಿಯೇ ಇಲ್ಲ. ಅಪ್ಪನಿಗೆ ಎಂಬತ್ತು ದಾಟಿದೆ; ಒಮ್ಮೆ ಗುರಿಹಲಗೆಗೆ ಹೊಡೆದು ನೋಡಬೇಕೆಂಬುದು ಅವರ ಆಸೆ. ಈ ತೋಟಾ ನಾನು ವಿಚಾರಿಸಿದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 2029ರವರೆಗೆ ಇರುವ ಪರವಾನಗಿ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೇ ಹೊರತು ಕೇಸಿಗೆ ಮದ್ದು ತುಂಬಿ ತೋಟಾ ಮಾಡುವುದಕ್ಕಲ್ಲವಾದ್ದರಿಂದ, ಖಾಲಿ ಕೇಸ್ ಸಿಕ್ಕಿದರೆ ಪರವಾನಗಿ ಇರುವವರಿಂದಲೇ ತುಂಬಿಸುವುದೆಂದು ನಿಶ್ಚಯಿಸಿದ್ದೆ.

ಹೊರರಾಜ್ಯದ ಮಾರಾಟಗಾರನೊಬ್ಬ, ತನಗೆ ಪರವಾನಗಿ ಇದೆ ಎಂದವನು, 20 ಕೇಸ್‌ಗಳ ಚಿತ್ರ ಕಳುಹಿಸಿದ. ಒಂದಕ್ಕೆ 1,800 ರೂಪಾಯಿ. ‘ಒಮ್ಮೆಯೂ ಹೊಡೆಯದ ಮಾಲು, ಬಾಕ್ಸರ್ ಕ್ಯಾಪಿನದ್ದು’ ಎಂದ. ಬಾಕ್ಸರ್ ಎಂದರೆ ಮದ್ದಿಗೆ ಕಿಡಿ ಕೊಡುವ ಕ್ಯಾಪಿನಿಂದ ಒಳಕ್ಕೆ ಒಂದೇ ರಂಧ್ರವಿರುವ ಬಗೆ. ಚಿತ್ರದಲ್ಲಿ ಎಲ್ಲವೂ ಬಾಯಿ ಮೇಲಾಗಿ ನಿಂತಿದ್ದವು, ತಳ ಕಾಣುತ್ತಿರಲಿಲ್ಲ. ತಳ ತೋರಿಸಿ ಎಂದು ನಾನು ಕೇಳಲೇ ಇಲ್ಲ. ಪೂರ್ತಿ ಹಣ ಮೊದಲೇ ಕಳುಹಿಸಿದೆ.

ಪೊಟ್ಟಣ ಬಂದ ದಿನ ವರ್ನಿಯರ್ ಹಿಡಿದು ಉದ್ದ ಅಳೆದಾಗ 76.2 ಮಿಲಿಮೀಟರ್, ಅಂದರೆ ಸರಿಯಾಗಿ 3 ಇಂಚು ಬಂದದ್ದರಿಂದ ಅಪ್ಪನಿಗೆ ತೋರಿಸಿ ಸಂಭ್ರಮಪಟ್ಟೆ. ಆ ಸಂಭ್ರಮವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮರುದಿನ ವಿರಾಜಪೇಟೆಯಲ್ಲಿ, ಸೈನ್ಯದಲ್ಲಿ ಕೋವಿ ದುರಸ್ತಿ ಮಾಡುತ್ತಿದ್ದ ಹಿರಿಯರೊಬ್ಬರು ಒಂದು ಕೇಸನ್ನು ನಳಿಗೆಗೆ ಇಳಿಸಿ, ಅದರ ಹಿಂದೆ ತೆಳುವಾದ ತಗಡಿನ ಚೂರಿಟ್ಟು ಕೋವಿ ಮುಚ್ಚಿದರು. ಮುಚ್ಚಿಕೊಂಡಿತು. ‘ತಗಡಿಟ್ಟ ಮೇಲೆ ಇದು ಮುಚ್ಚಬಾರದಿತ್ತು. ಇದು ನಿಮ್ಮ ಕೋವಿಯ ಕೇಸ್ ಅಲ್ಲ’ ಎಂದರು.

ವಿಷಯವಿಷ್ಟೇ. .450/400 ಎಂಬ ಒಂದೇ ಹೆಸರಿನಲ್ಲಿ 3¼ ಇಂಚಿನ ಹಳೆಯ ತೋಟಾವೂ ಇದೆ, ಅದರ ತಳದ ಅಂಚು ತೆಳು. ಜೆಫ್ರಿಯವರು ಕೇಸನ್ನು ಗಿಡ್ಡ ಮಾಡಿದಾಗ ಅಂಚನ್ನು ದಪ್ಪಗೊಳಿಸಿದ್ದರು. ಆ ದಪ್ಪ ಅಂಚಿದ್ದರೆ ತಗಡಿಗೆ ಜಾಗವೇ ಉಳಿಯುತ್ತಿರಲಿಲ್ಲ. ಮಾರಾಟಗಾರ 3¼ ಇಂಚಿನದ್ದರ ಬಾಯಿ ಕತ್ತರಿಸಿ 3 ಇಂಚಿನದ್ದೆಂದು ಕೊಟ್ಟಿದ್ದಾನೆ. ಈ ಕೋವಿಯಲ್ಲಿ ಕೇಸ್ ನಿಲ್ಲುವುದೇ ಅಂಚಿನ ಆಧಾರದ ಮೇಲೆ. ಅದು ತೆಳುವಾಗಿದ್ದರೆ ಹೊಡೆದಾಗ ಕೇಸ್ ಹಿಂದಕ್ಕೆ ಜಗ್ಗಿ ತಳದ ಬಳಿ ಹರಿಯಬಹುದು, ಹರಿದರೆ ಬಿಸಿ ಅನಿಲ ಹೊಡೆಯುವವನ ಮುಖದ ಕಡೆಗೇ ಬರಬಹುದು. ಒಳಗೆ ಬೆಳಕು ಬಿಟ್ಟು ನೋಡಿದರೆ ಒಂದರ ಬದಲು ಎರಡು ಸಣ್ಣ ರಂಧ್ರಗಳು, ಅಂದರೆ ಬಾಕ್ಸರ್ ಅಲ್ಲ, ಬರ್ಡನ್ ಎಂಬ ಬೇರೆ ಬಗೆ. ಬಾಗಿಸಿದ ತಂತಿಯನ್ನು ಒಳಗೋಡೆಯ ಮೇಲೆ ಎಳೆದಾಗ ತಳಕ್ಕಿಂತ ತುಸು ಮೇಲೆ ಗೀರು ಸಿಕ್ಕಿತು. ಅದು ಹೊಡೆದಾಗ ಕೇಸ್ ಜಗ್ಗಿ ಬೀಳುವ ಗೀರು; ಒಮ್ಮೆಯೂ ಹೊಡೆಯದ ಕೇಸಿನಲ್ಲಿ ಬರಲು ಸಾಧ್ಯವಿಲ್ಲ.

ಕರೆ ಮಾಡಿದೆ. ‘3 ಇಂಚು ಕೇಳಿದಿರಿ, 3 ಇಂಚು ಕೊಟ್ಟಿದ್ದೇನಲ್ಲ ಸರ್, ಅಳೆದು ನೋಡಿ’ ಎಂದ. ಅಂಚಿನ ಮಾತೆತ್ತಿದರೆ, ‘ನಿಮ್ಮ ಕೋವಿಯೇ ಸವೆದಿರಬೇಕು’ ಎಂದ. ಅಜ್ಜನ ಕೋವಿಯ ಬಗ್ಗೆ ಆ ಮಾತು! ಎರಡು ರಂಧ್ರಗಳ ಬಗ್ಗೆ ಕೇಳಿದ್ದಕ್ಕೆ, ‘ಹಳೆಯ ವಸ್ತುವಿಗೆ ಯಾರು ಗ್ಯಾರಂಟಿ ಕೊಡುತ್ತಾರೆ?’ ಎಂದ. ಹಣ ಹಿಂದಿರುಗಿಸು ಎಂದಾಗ, ‘ಬಿಲ್ ನೋಡಿ ಸರ್’ ಎಂದು ಫೋನ್ ಇಟ್ಟ. ಬಿಲ್ಲಿನಲ್ಲಿ ತೋಟಾದ ಹೆಸರೇ ಇಲ್ಲ. ‘ಹಿತ್ತಾಳೆ ಅಲಂಕಾರಿಕ ಸಾಮಾನು, 20’ ಎಂದಷ್ಟೇ ಇದೆ. ಬಿಲ್ ಕೈಗೆ ಬಂದು ಎರಡು ದಿನವಾಗಿದ್ದರೂ ನಾನು ಅದನ್ನು ಓದಿರಲಿಲ್ಲ.

ತಳದ ಮುದ್ರೆ, ಅಂಚಿನ ದಪ್ಪ, ಒಳಗಿನ ರಂಧ್ರ, ಈ ಮೂರರ ಚಿತ್ರ ಬರುವವರೆಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ಬಿಲ್ಲಿನಲ್ಲಿ ತೋಟಾದ ಪೂರ್ಣ ಹೆಸರು ಬರೆಯಲು ಒಪ್ಪದವನ ಬಳಿ ಕೊಳ್ಳಲೇಬೇಡಿ. ಕೊಂಡಾಗಿದ್ದರೆ ಮದ್ದು ತುಂಬಿಸುವ ಮೊದಲು ತಿಳಿದವರಿಗೆ ತೋರಿಸಿ. ಆತ ಕಳುಹಿಸುವ ಚಿತ್ರದಲ್ಲಿ ಹಸಿರು ಬಟ್ಟೆಯ ಮೇಲೆ ನಾಲ್ಕು ಸಾಲಿನಲ್ಲಿ ಐದೈದು ಕೇಸ್‌ಗಳಿವೆ, ಎಡತುದಿಯದಕ್ಕೆ ಬಾಯಿಯ ಬಳಿ ಸಣ್ಣ ನೆಗ್ಗಿದೆ. ಆ ನೆಗ್ಗಿರುವ ಕೇಸ್ ಈಗ ನನ್ನ ಮೇಜಿನ ಮೇಲಿದೆ.