ಹಿಮದ ನಡುವಿನಿಂದ ಬಂದ ಎಂಟು ಚಿತ್ರಗಳು

ಬ್ರಿಟಿಷ್ ನೌಕಾಧಿಕಾರಿ ಹಾಗೂ ಚಿತ್ರಕಾರ ಸ್ಯಾಮ್ಯುಯೆಲ್ ಗರ್ನಿ ಕ್ರೆಸ್‌ವೆಲ್ (1827–1867) ಅವರ ಆರ್ಕ್ಟಿಕ್ ಯಾನದ ಎಂಟು ವರ್ಣಚಿತ್ರಗಳು 1854ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿದ್ದು, ಅವುಗಳನ್ನು ಗ್ರಂಥಾಲಯವೊಂದರ ಉಚಿತ ಡಿಜಿಟಲ್ ಸೇವೆಯಲ್ಲಿ ನೋಡಿದೆ. ಹಿಗ್ಗಿಸಿ ನೋಡಿದರೂ ಗೆರೆಗಳು ಮಸುಕಾಗುವುದಿಲ್ಲ. 1851ರ ಆಗಸ್ಟ್‌ನಲ್ಲಿ ಅವರಿದ್ದ ಇನ್ವೆಸ್ಟಿಗೇಟರ್ ಹಡಗು ಹಿಮದ ಒತ್ತಡಕ್ಕೆ ವಾಲಿ ನಿಂತ ದೃಶ್ಯದಲ್ಲಿ, ಆ ಗಂಡಾಂತರವನ್ನು ಸ್ವತಃ ಅನುಭವಿಸಿದವರ ಕಣ್ಣು ಎಷ್ಟು ನಿಖರವಾಗಿತ್ತೆಂದು ಬೆರಗಾಗುತ್ತದೆ. ಆ ಹಡಗು ಮುಂದೆ ಹಿಮದಲ್ಲಿ ಸಿಲುಕಿದ ಮರ್ಸಿ ಕೊಲ್ಲಿಯಿಂದ ಹಿಮದ ಮೇಲೆ ಜಾರುಬಂಡಿ ಎಳೆದು ಹೊರಟವರ ಚಿತ್ರವನ್ನಂತೂ ಬಹಳ ಹೊತ್ತು ನೋಡಿದೆ. ಹಾಗೆ ಹೊರಟ ಕ್ರೆಸ್‌ವೆಲ್ ಅವರೇ 1853ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಆರ್ಕ್ಟಿಕ್ ಮೂಲಕ ಜೋಡಿಸುವ ವಾಯವ್ಯ ಮಾರ್ಗ ಪತ್ತೆಯಾದ ಸುದ್ದಿಯೊಂದಿಗೆ ಇಂಗ್ಲೆಂಡ್ ತಲುಪಿದರು. ಕೊರತೆಯೆಂದರೆ ವಿವರಣೆ ತೀರಾ ಚುಟುಕಾಗಿದೆ. ಚಿತ್ರಗಳನ್ನು ಮುದ್ರಣಕ್ಕಾಗಿ ಕಲ್ಲಚ್ಚಿಗೆ (ಲಿಥೋಗ್ರಾಫ್) ಇಳಿಸಿದ ವಿಲಿಯಂ ಸಿಂಪ್ಸನ್ ಅವರ ಹೆಸರನ್ನೂ ಅಲ್ಲಿ ಕಾಣಿಸಿಲ್ಲ.