ಕರಾವಳಿಯ ಕೆಂಪು ಮಣ್ಣಿನಲ್ಲಿ ಎಕ್ಸ್‌ಪಲ್ಸ್ 200 4ವಿ: ದೀರ್ಘಕಾಲದ ಬಳಕೆಯ ನಂತರ

ಹೀರೊ ಎಕ್ಸ್‌ಪಲ್ಸ್ 200 4ವಿ ಬೈಕನ್ನು ನಾನು ಕೊಂಡದ್ದು 2022ರ ಆರಂಭದಲ್ಲಿ. ಅಂದಿನಿಂದ ಅದು ಮಣಿಪಾಲದ ಸುತ್ತಲಿನ ಗುಡ್ಡೆಗಳಲ್ಲಿ, ಹಿರಿಯಡ್ಕ ಮತ್ತು ಹೆಬ್ರಿಯ ನಡುವಿನ ಪಂಚಾಯತ್ ಮಣ್ಣುರಸ್ತೆಗಳಲ್ಲಿ, ಕಾರ್ಕಳದ ಆಚೆಯ ರಬ್ಬರ್ ತೋಟಗಳ ನಡುವೆ, ಹಾಗೆಯೇ ವಾರದ ದಿನಗಳಲ್ಲಿ ಕಚೇರಿಗೆ ಹೋಗುವ ಹೆದ್ದಾರಿಯಲ್ಲಿ ಓಡುತ್ತಲೇ ಬಂದಿದೆ. ಈ ಬೈಕಿನ ಬಗ್ಗೆ ಓದಲು ಸಿಗುವುದರಲ್ಲಿ ಹೆಚ್ಚಿನದು ಹಿಮಾಲಯದ ಕಲ್ಲುದಾರಿಯ ಅನುಭವ. ಉಪ್ಪುಗಾಳಿ, ಮುರಕಲ್ಲು (ಜಂಬಿಟ್ಟಿಗೆ), ನಾಲ್ಕು ತಿಂಗಳ ಜಡಿಮಳೆ ಈ ಮೂರೂ ಒಟ್ಟಿಗಿರುವ ಊರಿನಲ್ಲಿ ಅದು ಹೇಗೆ ಬಾಳುತ್ತದೆ ಎಂದು ಬರೆದವರು ಕಡಿಮೆ ಇರುವುದರಿಂದ ಈ ವಿಮರ್ಶೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ದಾರಿಗಳಿಗೆ ಈ ಬೈಕಿನ ಕಡಿಮೆ ಶಕ್ತಿ ಸಾಕು, ಕಡಿಮೆ ತೂಕ ಬೇಕೇ ಬೇಕು.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಕೆಲವು ಮಾತು. ಹೀರೊ ಕಂಪೆನಿ 2011ರಲ್ಲಿ ಇಂಪಲ್ಸ್ ಎಂಬ, ಮಣ್ಣುದಾರಿಗೂ ಒಗ್ಗುವ 150 ಸಿಸಿ ಬೈಕನ್ನು ತಂದಿತ್ತು. ಆಗ ಇಂತಹ ಬೈಕಿಗೆ ಗಿರಾಕಿಗಳು ಕಡಿಮೆ, ಹಾಗಾಗಿ ಅದು ಹೆಚ್ಚು ಕಾಲ ಉಳಿಯಲಿಲ್ಲ. ಅದೇ ದಾರಿಯ ಎಕ್ಸ್‌ಪಲ್ಸ್ 200 ಬಂದದ್ದು 2019ರಲ್ಲಿ, ನಾಲ್ಕು ವಾಲ್ವಿನ ಎಂಜಿನ್ ಇರುವ 4ವಿ ಬಂದದ್ದು 2021ರಲ್ಲಿ. 199.6 ಸಿಸಿಯ, ಆಯಿಲ್ ಕೂಲರ್ ಇರುವ ಈ ಎಂಜಿನ್ ಸುಮಾರು 19 ಅಶ್ವಶಕ್ತಿ ಕೊಡುತ್ತದೆ, ಗೇರು ಐದು. ಮುಂದೆ 21 ಇಂಚಿನ, ಹಿಂದೆ 18 ಇಂಚಿನ ಸ್ಪೋಕ್ ಚಕ್ರಗಳಿವೆ. ಸಸ್ಪೆನ್ಷನ್ ಮುಂದೆ 190 ಮಿ.ಮೀ., ಹಿಂದೆ 170 ಮಿ.ಮೀ. ಕುಗ್ಗುತ್ತದೆ. ಹೊಟ್ಟೆಯಡಿ 220 ಮಿ.ಮೀ. ತೆರಪಿದೆ, ಸೀಟಿನ ಎತ್ತರ 825 ಮಿ.ಮೀ., ಪೆಟ್ರೋಲ್ ಟ್ಯಾಂಕಿಗೆ 13 ಲೀಟರ್ ಹಿಡಿಯುತ್ತದೆ, ಒಟ್ಟು ತೂಕ 160 ಕೆ.ಜಿ.ಗಿಂತ ತುಸು ಕಡಿಮೆ.

ಈ ಅಂಕಿಗಳಲ್ಲಿ ನಮ್ಮ ಕಡೆ ನಿಜವಾಗಿ ಕೆಲಸಕ್ಕೆ ಬರುವುದು ಚಕ್ರದ ಅಳತೆ ಮತ್ತು ತೂಕ. ಮುರಕಲ್ಲಿನ ಪದವುಗಳ (ಗುಡ್ಡೆಯ ಮೇಲಿನ ಬಯಲುಗಳ) ಮೇಲೆ ಓಡಿಸಿದವರಿಗೆ ಗೊತ್ತಿರುವಂತೆ, ದೂರದಿಂದ ಚಪ್ಪಟೆಯಾಗಿ ಕಾಣುವ ಆ ನೆಲದ ತುಂಬ ತೂತು, ಗುಳಿ, ಹರಿತವಾದ ಅಂಚುಗಳಿರುತ್ತವೆ. ಹಳೆಯ ಕಲ್ಲುಕೋರೆ ಇರುವ ಕಡೆಯಂತೂ ಕಲ್ಲು ಕಡಿದ ಮೆಟ್ಟಿಲುಗಳು ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತವೆ. 17 ಇಂಚಿನ ಚಕ್ರ ಸಿಕ್ಕಿಬೀಳುವ ಗುಳಿಯನ್ನು 21 ಇಂಚಿನ ಚಕ್ರ ಹಾರಿಕೊಂಡು ಹೋಗುತ್ತದೆ. ಪೆಗ್ (ಕಾಲಿಡುವ ಕಂಬಿ) ಮೇಲೆ ಎದ್ದು ನಿಂತು, ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿದು, ಎರಡನೆಯ ಗೇರಿನಲ್ಲಿ ಸಾಗಿದರೆ ಬೈಕ್ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ ಎಂದು ಹೇಳುವಷ್ಟು ಸಲೀಸು. ಹಲ್ಲುಗಳಿರುವ ಪೆಗ್‌ಗಳು ಕೆಸರು ಮೆತ್ತಿದ ಬೂಟನ್ನೂ ಜಾರಲು ಬಿಡುವುದಿಲ್ಲ. ಎಂಜಿನ್ ಅಡಿಯ ಲೋಹದ ತಟ್ಟೆ ಈಗ ಗೀರುಗಳಿಂದ ತುಂಬಿದೆ, ಆದರೆ ಅದರ ಮೇಲಿರುವ ಎಂಜಿನ್ ಕವಚಕ್ಕೆ ಏಟು ತಗಲಿಲ್ಲ.

ತೂಕದ ವಿಷಯಕ್ಕೆ ಬಂದರೆ, ಇಲ್ಲಿನ ಮಣ್ಣುದಾರಿಗಳು ಎಲ್ಲಿ ಮುಗಿಯುತ್ತವೆ ಎಂಬುದನ್ನು ನಕ್ಷೆ ನೋಡಿ ಹೇಳಲಾಗುವುದಿಲ್ಲ. ಗುಡ್ಡೆಯಿಂದ ಬೈಲಿಗಿಳಿದ ದಾರಿ ಯಾರದೋ ಅಡಿಕೆ ತೋಟದ ಅಂಚಿನಲ್ಲಿ, ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ ನಿಂತುಬಿಡುತ್ತದೆ. “ಮುಂದೆ ಕಾಲುಸಂಕ ಮಾತ್ರ ಮಾರಾಯ್ರೆ, ಬೈಕ್ ಹೋಗುದಿಲ್ಲ” ಎಂದು ತೋಟದವರು ಹೇಳುವ ಹೊತ್ತಿಗೆ, ಒಂದಾಳು ನಡೆಯುವಷ್ಟೇ ಅಗಲದ ಜಾಗದಲ್ಲಿ ಬೈಕನ್ನು ತಿರುಗಿಸಬೇಕಾಗಿರುತ್ತದೆ. ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿ ಹಿಂಬದಿಯನ್ನು ಎಳೆದು ತಿರುಗಿಸುವ ಈ ಕೆಲಸವನ್ನು ಎಕ್ಸ್‌ಪಲ್ಸ್‌ನಲ್ಲಿ ಒಬ್ಬನೇ ಮಾಡಬಹುದು. ಗೆಳೆಯರೊಬ್ಬರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ಹೆದ್ದಾರಿಯಲ್ಲಿ ನನ್ನದಕ್ಕಿಂತ ಎಷ್ಟೋ ಮೇಲಾದ ಬೈಕ್, ಸುಮಾರು 199 ಕೆ.ಜಿ. ತೂಗುತ್ತದೆ, ಆ ಹೆಚ್ಚಿನ 40 ಕೆ.ಜಿ. ಇಂತಹ ಕಡೆ ಇಬ್ಬರ ಕೆಲಸ. ಬೈಕ್ ಅಡ್ಡಬಿದ್ದಾಗ ಯಾರ ಸಹಾಯವೂ ಇಲ್ಲದೆ ಎತ್ತಿ ನಿಲ್ಲಿಸಲಾದೀತೇ ಎಂಬ ಪ್ರಶ್ನೆಯನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮಣ್ಣಿನ ಸವಾರಿಯಲ್ಲಿ ಬೈಕ್ ಬೀಳುವುದು ಸಹಜ.

ಮಳೆಗಾಲದಲ್ಲಿ ಆಟ ಬೇರೆಯೇ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಜೂನ್ ಕೊನೆಯ ಹೊತ್ತಿಗೆ ಮುರಕಲ್ಲಿನ ಮೇಲೆ ಪಾಚಿ ಹಬ್ಬುತ್ತದೆ. ಆ ಮೇಲೆ ಯಾವ ಟೈರಿಗೂ ಹಿಡಿತ ಸಿಗುವುದಿಲ್ಲ. ಕಂಪೆನಿ ಕೊಡುವ ಟೈರು ಡಾಂಬರಿಗೂ ಮಣ್ಣಿಗೂ ಸೇರಿಸಿ ಮಾಡಿದ್ದು. ಒಣಮಣ್ಣು, ಜಲ್ಲಿ, ಒದ್ದೆ ಡಾಂಬರು ಎಲ್ಲದರಲ್ಲೂ ಅದು ನಂಬಿಕೆಗೆ ಅರ್ಹ, ಜೇಡಿ ಕೆಸರಿನಲ್ಲಿ ಮಾತ್ರ ಅದರ ಸಂದುಗಳು ಬೇಗ ತುಂಬಿಕೊಳ್ಳುತ್ತವೆ. ಮೊದಲ ಜೊತೆ ಸವೆದ ಮೇಲೆ ದೊಡ್ಡ ಗುಬುಟುಗಳ ಟೈರನ್ನು ಹಿಂದಿನ ಚಕ್ರಕ್ಕೆ ಮಾತ್ರ ಹಾಕಿಸಿದೆ. ಕೆಸರಿನಲ್ಲಿ ವ್ಯತ್ಯಾಸ ಕೂಡಲೇ ತಿಳಿಯುತ್ತದೆ, ಆದರೆ ಹೆದ್ದಾರಿಯಲ್ಲಿ ಗುಂಯ್ ಎನ್ನುವ ಸದ್ದು ಮತ್ತು ಬೇಗ ಸವೆಯುವ ರಬ್ಬರು ಇವೆರಡನ್ನೂ ಒಪ್ಪಿಕೊಳ್ಳಬೇಕು.

ಸ್ಪೋಕ್ ಚಕ್ರವಾದ್ದರಿಂದ ಒಳಗೆ ಟ್ಯೂಬ್ ಇರುತ್ತದೆ, ಇದನ್ನು ಮರೆಯಬಾರದು. ಮಣ್ಣಿನಲ್ಲಿ ಹಿಡಿತ ಹೆಚ್ಚಲೆಂದು ಗಾಳಿ ಇಳಿಸುವುದು ರೂಢಿ. ಆದರೆ ಟ್ಯೂಬ್ ಇರುವ ಚಕ್ರದಲ್ಲಿ ತೀರಾ ಇಳಿಸಿದರೆ ಕಲ್ಲಿನ ಅಂಚಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ, ಇಲ್ಲವೇ ಟೈರು ರಿಮ್ಮಿನ ಮೇಲೆ ಜಾರಿ ವಾಲ್ವ್ ಬುಡದಲ್ಲೇ ಹರಿಯುತ್ತದೆ. ನಾನು 20 ಪಿಎಸ್‌ಐಗಿಂತ ಕೆಳಗಿಳಿಸುವುದಿಲ್ಲ. ಒಂದು ಟ್ಯೂಬ್, ಎರಡು ಟೈರ್ ಲಿವರ್, ಕೈಪಂಪು ಯಾವಾಗಲೂ ಚೀಲದಲ್ಲಿರುತ್ತವೆ. ಮುಂದಿನ 21 ಇಂಚಿನ ಟ್ಯೂಬ್ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಸಿಗುವ ಸಂಭವ ಕಡಿಮೆ. ಹಾಗಾಗಿ ಚೀಲದಲ್ಲಿಟ್ಟುಕೊಳ್ಳಬೇಕಾದದ್ದು ಅದನ್ನೇ, ತೀರಾ ಬೇಕಾದರೆ ಅದನ್ನೇ ಹಿಂದಿನ ಚಕ್ರಕ್ಕೂ ತುರುಕಿ ಮನೆ ಸೇರಬಹುದು.

ಬ್ರೇಕಿನ ಬಗ್ಗೆ ಒಂದು ಮಾತು. ನನ್ನ ಮಾದರಿಯಲ್ಲಿ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಮುಂದಿನ ಚಕ್ರಕ್ಕೆ ಮಾತ್ರ ಇದೆ. ಮಣ್ಣಿನಲ್ಲಿ ಇದು ಒಂದು ರೀತಿಯಲ್ಲಿ ಅನುಕೂಲವೇ, ಏಕೆಂದರೆ ಹಿಂದಿನ ಚಕ್ರವನ್ನು ಬೇಕೆಂದಾಗ ಬಿಗಿದು ಜಾರಿಸಿ ತಿರುವು ತೆಗೆದುಕೊಳ್ಳಬಹುದು. ಜಲ್ಲಿಯ ಇಳಿಜಾರಿನಲ್ಲಿ ಮಾತ್ರ ಮುಂದಿನ ಎಬಿಎಸ್ ಪದೇಪದೇ ಬ್ರೇಕನ್ನು ಬಿಡಿಸುವುದರಿಂದ ನಿಲ್ಲುವ ದೂರ ಹೆಚ್ಚುತ್ತದೆ. 2023ರ ಮಾದರಿಯಲ್ಲಿ ರಸ್ತೆ, ಆಫ್‌ರೋಡ್, ರ‍್ಯಾಲಿ ಎಂಬ ಮೂರು ಎಬಿಎಸ್ ಮೋಡ್‌ಗಳು ಬಂದದ್ದರಿಂದ ಹೊಸಬರಿಗೆ ಆ ತೊಡಕಿಲ್ಲ. ಫ್ಯೂಸ್ ಕಿತ್ತು ಎಬಿಎಸ್ ನಿಲ್ಲಿಸುವ ಸವಾರರಿದ್ದಾರೆ. ಮಣ್ಣಿನಿಂದ ಮೇಲೆ ಬಂದ ಕೂಡಲೇ ಮಳೆ ಬಿದ್ದ ಹೆದ್ದಾರಿ ಸಿಗುವ ನಮ್ಮ ಊರಿನಲ್ಲಿ ಅದು ಜಾಣತನವೆಂದು ನನಗನ್ನಿಸುವುದಿಲ್ಲ.

ಹೆದ್ದಾರಿಯಲ್ಲಿ ಈ ಬೈಕಿನಿಂದ ಏನನ್ನು ನಿರೀಕ್ಷಿಸಬಹುದೆಂಬುದನ್ನು 19 ಅಶ್ವಶಕ್ತಿ ಎಂಬ ಅಂಕಿಯೇ ಹೇಳುತ್ತದೆ. ಉಡುಪಿಯಿಂದ ಮಂಗಳೂರಿಗೆ ಗಂಟೆಗೆ 75–80 ಕಿ.ಮೀ. ವೇಗದಲ್ಲಿ ನೆಮ್ಮದಿಯಾಗಿ ಹೋಗಬಹುದು. ಅದರಾಚೆ ಎಂಜಿನ್ ಓಡುತ್ತದೆ, ಆದರೆ ಖುಷಿಯಿಂದಲ್ಲ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಕಡಿಮೆ ತೂಕವೂ ಅಗಲವಾದ ಹ್ಯಾಂಡಲೂ ಎಷ್ಟು ಹಿತವೋ, ಶಿರಾಡಿ ಹತ್ತಿ ಬೆಂಗಳೂರಿನ ತನಕ ಲಾರಿ, ಬಸ್ಸುಗಳನ್ನು ಹಿಂದಿಕ್ಕುತ್ತ ಹೋಗುವುದು ಅಷ್ಟೇ ತಾಳ್ಮೆಯ ಕೆಲಸ. ಇಂಧನ ವಿಷಯದಲ್ಲಿ ದೂರುವಂತಿಲ್ಲ: ರಸ್ತೆಯಲ್ಲಿ ಲೀಟರಿಗೆ ನಲವತ್ತು ಕಿ.ಮೀ. ಆಸುಪಾಸು, ಒಂದು ಮತ್ತು ಎರಡನೆಯ ಗೇರಿನಲ್ಲೇ ದಿನ ಕಳೆಯುವ ಗುಡ್ಡೆಗಳಲ್ಲಿ ಮೂವತ್ತರ ಹತ್ತಿರ. ಸೀಟು ಕಿರಿದು, ಗಟ್ಟಿ. ನಿಂತು ಓಡಿಸುವವರಿಗೆ ಅದು ಸರಿ. ಹಿಂದೆ ಕೂತು ಧರ್ಮಸ್ಥಳಕ್ಕೆ ಹೊರಟ ನಮ್ಮ ಮನೆಯವರ ಅಭಿಪ್ರಾಯವನ್ನು ಇಲ್ಲಿ ಬರೆಯದಿರುವುದೇ ಲೇಸು. ಎತ್ತರ ಐದೂವರೆ ಅಡಿಯೊಳಗಿನವರು ಸಿಗ್ನಲ್‌ನಲ್ಲಿ ಒಂದು ಕಾಲಿನ ತುದಿಯ ಮೇಲೆ ನಿಲ್ಲುವ ಅಭ್ಯಾಸ ಮಾಡಿಕೊಳ್ಳಬೇಕು.

ಇನ್ನು ಕರಾವಳಿಯವರಿಗೆ ಮುಖ್ಯವಾದ ಸಂಗತಿ: ತುಕ್ಕು. ಸಮುದ್ರದಿಂದ ಬರುವ ಗಾಳಿಯಲ್ಲಿ ಉಪ್ಪಿದೆ, ತೇವವಿದೆ. ಇಲ್ಲಿ ಯಾವ ಕಂಪೆನಿಯ ಬೈಕಾದರೂ ಬಣ್ಣವಿಲ್ಲದ ಕಬ್ಬಿಣ ಕಂಡಲ್ಲಿ ಕೆಂಪಗಾಗುವುದು ಖಂಡಿತ. ಸ್ಪೋಕ್‌ಗಳ ನಿಪ್ಪಲ್, ಸೈಲೆನ್ಸರಿನ ಬೋಲ್ಟ್, ಚೈನ್, ಸೈಡ್ ಸ್ಟ್ಯಾಂಡಿನ ಸ್ಪ್ರಿಂಗ್ ಇವು ಮೊದಲು ಹಿಡಿಯುವ ಜಾಗಗಳು. ಮಣ್ಣಿನ ಸವಾರಿ ಮಾಡುವ ಬೈಕಿಗೆ ಇನ್ನೊಂದು ಅಪಾಯ ಸೇರುತ್ತದೆ. ಕೆಸರು ನೀರು ಹಿಂದಿನ ಮೊನೊಶಾಕ್‌ನ ಲಿಂಕೇಜ್ (ಶಾಕನ್ನು ಹಿಂದಿನ ಚಕ್ರದ ತೋಳಿಗೆ ಜೋಡಿಸುವ ಕೊಂಡಿ) ಬೇರಿಂಗ್, ಸ್ವಿಂಗ್‌ಆರ್ಮ್ ಮತ್ತು ಹ್ಯಾಂಡಲಿನ ಬೇರಿಂಗ್‌ಗಳ ಒಳಗೆ ನಿಧಾನವಾಗಿ ಇಳಿಯುತ್ತದೆ, ಗ್ರೀಸನ್ನು ತೊಳೆದುಬಿಡುತ್ತದೆ, ಆಮೇಲೆ ಒಳಗೊಳಗೇ ತುಕ್ಕು ತಿನ್ನುತ್ತದೆ. ಹೊರಗಿನಿಂದ ಏನೂ ಕಾಣದಿದ್ದರೂ ಒಂದು ದಿನ ಹಿಂಬದಿ ಕಿರ್ ಎನ್ನಲು ತೊಡಗುತ್ತದೆ. ಆದ್ದರಿಂದ ಮಳೆಗಾಲ ಮುಗಿದ ಕೂಡಲೇ, ನವರಾತ್ರಿಯ ಆಯುಧಪೂಜೆಯ ಹೊತ್ತಿಗೆ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ, ಲಿಂಕೇಜ್ ಬಿಚ್ಚಿಸಿ ತೊಳೆದು ಹೊಸ ಗ್ರೀಸ್ ತುಂಬಿಸುವುದನ್ನು ನಾನು ಕಡ್ಡಾಯ ಮಾಡಿಕೊಂಡಿದ್ದೇನೆ. ಮಾಮೂಲು ಸರ್ವಿಸಿನಲ್ಲಿ ಈ ಕೆಲಸವನ್ನು ಕೇಳದೆ ಮಾಡುವ ವಾಡಿಕೆ ಇಲ್ಲ. ಬಾಯಿಬಿಟ್ಟು ಹೇಳಬೇಕು, ಸಾಧ್ಯವಾದರೆ ಎದುರಿಗೆ ನಿಂತಿರಬೇಕು.

ತೊಳೆಯುವ ವಿಧಾನವೂ ಮುಖ್ಯ. ವಾಟರ್ ಸರ್ವಿಸಿನವರು ಜೋರು ನೀರಿನ ಗನ್ನನ್ನು ನೇರವಾಗಿ ಚಕ್ರದ ನಡುವಿಗೆ, ಚೈನಿಗೆ ಹಿಡಿದರೆ ಸೀಲ್ ದಾಟಿ ನೀರು ಒಳಗೆ ಹೋಗುತ್ತದೆ. ಮನೆಯ ಬಾವಿನೀರು, ಬಕೆಟು, ಹಳೆಯ ಬ್ರಷ್ಷು ಸಾಕು. ತೊಳೆದ ಮೇಲೆ ಎಂಜಿನ್ ಚಾಲೂ ಮಾಡಿ ಸ್ವಲ್ಪ ದೂರ ಓಡಿಸಿ ಒಣಗಿಸಿ, ಚೈನಿಗೆ ಎಣ್ಣೆ ಹಚ್ಚಿ ನಿಲ್ಲಿಸುವುದು ಒಳ್ಳೆಯದು. ಕಡಲತೀರದ ಮರಳಿನ ಮೇಲೆ ಓಡಿಸಿ ಚಿತ್ರ ತೆಗೆಯುವ ಆಸೆಯನ್ನು ಬಿಟ್ಟುಬಿಡಿ. ಉಪ್ಪುನೀರು ಒಮ್ಮೆ ಒಳಗೆ ಸೇರಿದರೆ ಹೊರಗೆ ಬರುವುದಿಲ್ಲ. ಬೇಸಿಗೆಯಲ್ಲಿ ಕಾಟ ಕೊಡುವುದು ಹಿಟ್ಟಿನಂತಹ ಕೆಂಪು ಧೂಳು. ಏರ್ ಫಿಲ್ಟರನ್ನು ಕಂಪೆನಿ ಹೇಳಿದ ಅವಧಿಗಿಂತ ಬೇಗ ನೋಡಬೇಕು, ಅದರಲ್ಲೂ ಗುಂಪಿನಲ್ಲಿ ಹಿಂದಿನ ಸವಾರರಾಗಿ ಬೇರೆಯವರ ಧೂಳು ತಿನ್ನುವವರು.

ಎಂಜಿನ್ ಇಷ್ಟು ಕಾಲ ನೆಮ್ಮದಿಯಿಂದ ನಡೆದಿದೆ, ಅದರ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಚೈನ್ ಸ್ಪ್ರಾಕೆಟ್, ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್, ಫೋರ್ಕ್ ಸೀಲ್ ಇವೆಲ್ಲ ಸವೆಯುವ ವಸ್ತುಗಳು, ಸವೆದಾಗ ಬದಲಾಯಿಸಿದ್ದೇನೆ. ಬಿಡಿಭಾಗಗಳ ಬೆಲೆ ಮಾಮೂಲು ಬೈಕಿನಷ್ಟೇ ಇರುವುದು, ತಾಲೂಕು ಕೇಂದ್ರಗಳಲ್ಲೂ ಸರ್ವಿಸ್ ಸಿಗುವುದು ಈ ಬೈಕಿನ ದೊಡ್ಡ ಬಲ. ಬೇಲಿಗೆ ತಾಗಿ ಇಂಡಿಕೇಟರ್ ಮುರಿದರೆ ನಿದ್ದೆಗೆಡಬೇಕಿಲ್ಲ. ಹೊರಗಿನ ಕಂಪೆನಿಯೊಂದರ ಹ್ಯಾಂಡ್‌ಗಾರ್ಡ್ ಮಾತ್ರ ಮೊದಲ ಸಲ ಬಿದ್ದಾಗಲೇ ಬಾಗಿ ಬ್ರೇಕ್ ಲಿವರನ್ನು ಒತ್ತಿ ಹಿಡಿದಿತ್ತು. ಅಲಂಕಾರಕ್ಕೆ ಮಾಡಿದ ತೆಳು ತಗಡಿನ ಸಾಮಾನಿಗೆ ಹಣ ಹಾಕುವುದಕ್ಕಿಂತ ಬೂಟಿಗೂ ಮೊಣಕಾಲು ಕವಚಕ್ಕೂ ಹಾಕುವುದು ಮೇಲು. ಬ್ಲೂಟೂತ್‌ನಿಂದ ದಾರಿ ತೋರಿಸುವ ಮೀಟರನ್ನು ಪೇಟೆಯಲ್ಲಿ ಬಳಸಬಹುದು. ನೆಟ್‌ವರ್ಕ್ ಇಲ್ಲದ ಗುಡ್ಡೆಯಲ್ಲಿ ದಾರಿ ಹೇಳುವುದು ಹಾಲಿನ ಡೇರಿಯ ಮುಂದೆ ನಿಂತ ಜನ.

ರ‍್ಯಾಲಿ ಕಿಟ್ ಹಾಕಿಸಬೇಕೇ ಎಂದು ಹಲವರು ಕೇಳುತ್ತಾರೆ. ಆ ಕಿಟ್ಟಿನೊಂದಿಗೆ ಉದ್ದದ ಸಸ್ಪೆನ್ಷನ್ ಬಂದಾಗ ಮುಂದಿನದು 250 ಮಿ.ಮೀ. ಕುಗ್ಗುತ್ತದೆ, 2023ರ ಪ್ರೊ ಮಾದರಿಯಲ್ಲಿ ಅದು ಕಾರ್ಖಾನೆಯಿಂದಲೇ ಬರುತ್ತದೆ, ಸೀಟು ಮಾತ್ರ 891 ಮಿ.ಮೀ.ಗೆ ಏರುತ್ತದೆ. 2019ರಲ್ಲಿ ಮರುಭೂಮಿಯ ದೀರ್ಘ ಓಟವಾದ ಡಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಕೆ.ಪಿ. ಅರವಿಂದ್ ಉಡುಪಿಯವರೇ ಆದ್ದರಿಂದ ನಮ್ಮ ಹುಡುಗರಿಗೆ ರ‍್ಯಾಲಿ ಎಂಬ ಶಬ್ದದ ಮೇಲೆ ಸಹಜವಾಗಿಯೇ ಮೋಹವಿದೆ. ಆದರೆ ತೋಡಿನ ಬದಿಯಲ್ಲಿ ಕಾಲು ಊರಿ ಬೈಕ್ ತಿರುಗಿಸಬೇಕಾದ ನಮ್ಮ ಸವಾರಿಗೆ ಎತ್ತರ ಹೆಚ್ಚಿದಷ್ಟೂ ಕಷ್ಟವೇ. ಆರಡಿಯ ಆಳು, ಬೈಕನ್ನು ಹಾರಿಸುವ ಅಭ್ಯಾಸವಿದ್ದವರು ಕೊಳ್ಳಲಿ.

ಎಲ್ಲಿ ಓಡಿಸಬಾರದು ಎಂಬುದೂ ಬೈಕಿನ ಬಳಕೆಗೆ ಸೇರಿದ ಮಾತು. ಸೋಮೇಶ್ವರ ವನ್ಯಜೀವಿಧಾಮ, ಕುದುರೆಮುಖ ರಾಷ್ಟ್ರೀಯ ಉದ್ಯಾನ ಇವುಗಳೊಳಗಿನ ಕಾಲುದಾರಿಗಳು ಮಣ್ಣಿನ ಸವಾರಿಯ ಜಾಗಗಳಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಗೆ ಹೋಗುವುದೇ ಅಪರಾಧ. ರಬ್ಬರ್ ತೋಟಗಳಲ್ಲಿ ಯಜಮಾನರನ್ನು ಕೇಳಿಯೇ ಹೋಗಬೇಕು. ಸೈಲೆನ್ಸರ್ ಬದಲಾಯಿಸಿ ಸದ್ದು ಹೆಚ್ಚಿಸಿಕೊಂಡು ಬಂದ ಒಂದೇ ಒಂದು ಗುಂಪಿನಿಂದಾಗಿ ಎಷ್ಟೋ ವರ್ಷ ತೆರೆದಿದ್ದ ದಾರಿಗೆ ಗೇಟು ಬಿದ್ದದ್ದಿದೆ. ಮೂಲ ಸೈಲೆನ್ಸರಿನ ಮೆಲುದನಿ ಈ ಬೈಕಿಗೆ ತೋಟದವರ ಸ್ನೇಹವನ್ನು ಉಳಿಸಿಕೊಟ್ಟಿದೆ.

2025ರಲ್ಲಿ ಬಂದ ಎಕ್ಸ್‌ಪಲ್ಸ್ 210ರಲ್ಲಿ ಲಿಕ್ವಿಡ್ ಕೂಲಿಂಗ್, ಆರು ಗೇರು, ಸುಮಾರು 24 ಅಶ್ವಶಕ್ತಿ ಇವೆ, ತೂಕ ಸುಮಾರು 168 ಕೆ.ಜಿ. ಹೆದ್ದಾರಿಯಲ್ಲಿ ಹೆಚ್ಚು ಓಡಾಡುವವರು ಅದನ್ನೇ ನೋಡಲಿ. ವಾರಾಂತ್ಯದ ಮಣ್ಣುದಾರಿಯೇ ಮುಖ್ಯವಾದವರಿಗೆ ಹಳೆಯ 200 4ವಿ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಕೊಳ್ಳುವಾಗ ಬೈಕನ್ನು ಮೇಲೆತ್ತಿ ನಿಲ್ಲಿಸಿ ಹಿಂದಿನ ಚಕ್ರವನ್ನು ಮೇಲೆ ಕೆಳಗೆ ಅಲ್ಲಾಡಿಸಿ ಲಿಂಕೇಜ್‌ನ ಸಡಿಲವನ್ನು ನೋಡಿ, ಸ್ಪೋಕ್‌ಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ ದನಿ ಒಂದೇ ತೆರನಾಗಿದೆಯೇ ಎಂದು ಕೇಳಿ, ಸೀಟು ತೆಗೆದು ಬೋಲ್ಟ್‌ಗಳ ತಲೆ ನೋಡಿ. ಮೊದಲ ಮಾಲೀಕರು ಘಟ್ಟದ ಮೇಲಿನವರಾಗಿದ್ದರೆ ಎರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.