ಮ್ಯಾಮೋಗ್ರಾಂ, ಅಲ್ಟ್ರಾಸೌಂಡ್ ಎರಡೂ ಒಂದೇ ಕಡೆ: ತುಮಕೂರಿನ ಒಂದು ಸ್ಕ್ಯಾನಿಂಗ್ ಸೆಂಟರ್

ತುಮಕೂರಿನ ಬಿ.ಎಚ್. ರಸ್ತೆಯ ಬಳಿಯಿರುವ ಈ ಸೆಂಟರ್‌ನ ದೊಡ್ಡ ಗುಣವೆಂದರೆ, ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಮತ್ತು ಅಲ್ಟ್ರಾಸೌಂಡ್ ಎರಡನ್ನೂ ಒಂದೇ ದಿನ ಮಾಡಿ, ಒಬ್ಬರೇ ರೇಡಿಯಾಲಜಿಸ್ಟ್ (ಸ್ಕ್ಯಾನ್ ಚಿತ್ರಗಳನ್ನು ಓದುವ ಡಾಕ್ಟರ್) ಎರಡನ್ನೂ ಒಟ್ಟಿಗೆ ನೋಡಿ ವರದಿ ಬರೆಯುತ್ತಾರೆ. ಗುಬ್ಬಿಯಲ್ಲಿರುವ ನನ್ನ 47 ವರ್ಷದ ಅಕ್ಕನ ಎಡ ಸ್ತನದಲ್ಲಿ ಗಂಟು ಕೈಗೆ ಸಿಕ್ಕಾಗ ಒಬ್ಬೊಬ್ಬರು ಒಂದೊಂದು ಸಲಹೆ ಕೊಟ್ಟಿದ್ದರು. ನೇರವಾಗಿ ಬೆಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಿಬಿಡಿ ಎಂದವರೂ ಇದ್ದರು.

ಕಂಕುಳಿಗೆ ಪೌಡರ್, ಡಿಯೋಡರಂಟ್ ಹಾಕಿಕೊಂಡು ಬರಬಾರದೆಂದು ಸೆಂಟರ್‌ನವರು ಫೋನಿನಲ್ಲೇ ತಿಳಿಸಿದ್ದರು. ಅವುಗಳ ಕಣಗಳು ಎಕ್ಸ್‌ರೇಯಲ್ಲಿ ಕ್ಯಾಲ್ಸಿಯಂ ಚುಕ್ಕೆಗಳಂತೆ ಕಂಡು ದಾರಿ ತಪ್ಪಿಸುತ್ತವೆ. ಗಂಟು ಕೈಗೆ ಸಿಗುವ ಮೊದಲೇ ಕೆಲವು ಕ್ಯಾನ್ಸರ್‌ಗಳ ಸುಳಿವು ಸಿಗುವುದು ಅಂಥ ಚುಕ್ಕೆಗಳಿಂದಲೇ, ಮತ್ತು ಅವುಗಳನ್ನು ಹಿಡಿಯುವುದರಲ್ಲಿ ಮ್ಯಾಮೋಗ್ರಾಂಗೆ ಸಾಟಿಯಿಲ್ಲ. ಒಂದೊಂದು ಸ್ತನಕ್ಕೆ ಎರಡರಂತೆ ನಾಲ್ಕು ಚಿತ್ರ ತೆಗೆದರು. ಪ್ಲೇಟ್ ಒತ್ತುವ ಕೆಲವು ಸೆಕೆಂಡು ನೋವಾಗುತ್ತದೆ, ಆದರೆ ಪ್ರತಿ ಸಲವೂ ಮಹಿಳಾ ಟೆಕ್ನೀಷಿಯನ್ ಮೊದಲೇ ಹೇಳಿ ಒತ್ತಿದರು.

ಅಕ್ಕನ ಸ್ತನದ ಅಂಗಾಂಶ ದಟ್ಟವಾದದ್ದು. ಮ್ಯಾಮೋಗ್ರಾಂನಲ್ಲಿ ದಟ್ಟ ಅಂಗಾಂಶವೂ ಬಿಳಿ, ಗಂಟೂ ಬಿಳಿ. ಬಿಳಿಮೋಡದಲ್ಲಿ ಬೆಳ್ಳಕ್ಕಿಯನ್ನು ಹುಡುಕಿದಂತೆ. ದುಂಡನೆಯ ನೆರಳೊಂದು ಕಂಡಿತಾದರೂ ಒಳಗಿರುವುದು ನೀರೋ ಗಟ್ಟಿ ಗಡ್ಡೆಯೋ ಎಂದು ಅದು ಹೇಳಲಾರದು. ಅಲ್ಟ್ರಾಸೌಂಡ್ ಅದನ್ನು ಕೂಡಲೇ ಹೇಳಿತು. ಡಾಕ್ಟರ್ ಪರದೆಯನ್ನು ಅಕ್ಕನ ಕಡೆಗೆ ತಿರುಗಿಸಿ, ಅಂಚು ಸ್ಪಷ್ಟವಾಗಿದ್ದ ಕಪ್ಪು ವೃತ್ತವನ್ನೂ ಅದರ ಹಿಂದಿನ ಬೆಳಕಿನ ಪಟ್ಟಿಯನ್ನೂ ತೋರಿಸಿ, ಇದು ನೀರು ತುಂಬಿದ ಸಾದಾ ಸಿಸ್ಟ್ ಎಂದರು. ಹಾಗೆಂದು ನಲವತ್ತು ದಾಟಿದವರಿಗೆ ಅಲ್ಟ್ರಾಸೌಂಡ್ ಒಂದೇ ಸಾಕೆನ್ನುವುದು ತಪ್ಪು, ಏಕೆಂದರೆ ಕ್ಯಾಲ್ಸಿಯಂ ಚುಕ್ಕೆಗಳು ಅದರಲ್ಲಿ ತಪ್ಪಿಹೋಗುತ್ತವೆ, ಮಾಡುವವರ ಕೈಚಳಕವನ್ನೂ ಅದು ಬಹಳ ಅವಲಂಬಿಸಿದೆ. ಮೂವತ್ತರೊಳಗಿನವರಿಗೆ ಮಾತ್ರ ಸಾಮಾನ್ಯವಾಗಿ ಅದೇ ಮೊದಲ ಪರೀಕ್ಷೆ.

ಎಂಆರ್‌ಐ ಬಗ್ಗೆ ಕೇಳಿದಾಗ ಅವರು ಕೊಟ್ಟ ಉತ್ತರದಿಂದ ನನಗೆ ಈ ಜಾಗದ ಮೇಲೆ ನಂಬಿಕೆ ಬಂತು. ಚಿತ್ರ ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಗ್ಯಾಡೋಲಿನಿಯಂ ಎಂಬ ದ್ರಾವಣ ಕೊಟ್ಟು ಮಾಡುವ ಎಂಆರ್‌ಐ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನಿಜ, ಆದರೆ ನಿರಪಾಯಕಾರಿಯಾದದ್ದನ್ನೂ ಎತ್ತಿ ತೋರಿಸಿ ಬೇಡದ ಬಯಾಪ್ಸಿಗೆ (ಚೂರು ಅಂಗಾಂಶ ತೆಗೆದು ಪರೀಕ್ಷಿಸುವುದಕ್ಕೆ) ದಾರಿ ಮಾಡಬಹುದು. ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನ್ ದೋಷವಿರುವವರಿಗೆ, ಅಥವಾ ಈಗಾಗಲೇ ಪತ್ತೆಯಾದ ಕ್ಯಾನ್ಸರ್ ಎಷ್ಟು ಹರಡಿದೆ ಎಂದು ತಿಳಿಯಲು ಅದು ಸರಿ, ಅಕ್ಕನಿಗೆ ಅಗತ್ಯವಿಲ್ಲ ಎಂದರು. ಯಾವ ಸ್ಕ್ಯಾನ್ ಆದರೂ ಅನುಮಾನವನ್ನಷ್ಟೇ ಹೇಳುತ್ತದೆ, ಕ್ಯಾನ್ಸರ್ ಖಚಿತವಾಗುವುದು ಬಯಾಪ್ಸಿಯಿಂದಲೇ ಎಂಬುದನ್ನೂ ಬಿಡಿಸಿ ಹೇಳಿದರು.

ಕೊರತೆಗಳೂ ಇವೆ. ಗೌನ್ ತೊಟ್ಟ ಹೆಂಗಸರು ಎಲ್ಲರೂ ಓಡಾಡುವ ಕಾರಿಡಾರ್‌ನಲ್ಲೇ ಕಾಯಬೇಕು; ಒಂದು ಪರದೆ ಹಾಕಿಸಲು ಎಷ್ಟು ಖರ್ಚಾದೀತು? ವರದಿ ಇಂಗ್ಲಿಷಿನಲ್ಲಷ್ಟೇ ಇರುತ್ತದೆ. ಕ್ಯಾನ್ಸರ್‌ನ ಅನುಮಾನ ಎಷ್ಟೆಂದು ಸಂಖ್ಯೆಯಲ್ಲಿ ಹೇಳುವ ‘ಬೈರಾಡ್ಸ್ 2’ ಎಂಬ ಸಾಲನ್ನು ಓದಿ ಅಕ್ಕ ಎರಡನೇ ಹಂತದ ಕ್ಯಾನ್ಸರ್ ಎಂದುಕೊಂಡು ಬಿಳಿಚಿಹೋದಳು; ಆ ಎರಡಕ್ಕೆ ನಿರಪಾಯಕಾರಿ ಎಂದರ್ಥ. ಈ ಸಂಖ್ಯೆಗಳ ಅರ್ಥ ತಿಳಿಸುವ ಕನ್ನಡದ ಒಂದು ಹಾಳೆಯನ್ನು ವರದಿಯ ಜೊತೆ ಕೊಡಲೇಬೇಕು. ಚಿತ್ರಗಳ ಸಿ.ಡಿ.ಯನ್ನು ಕೇಳದೆ ಕೊಡುವುದಿಲ್ಲ. ಮುಂದಿನ ಮ್ಯಾಮೋಗ್ರಾಂ ಜೊತೆ ಹೋಲಿಸಲು ಹಳೆಯ ಚಿತ್ರಗಳು ಬೇಕಾಗುವುದರಿಂದ, ಬಿಲ್ ಕಟ್ಟುವಾಗಲೇ ಅದನ್ನು ಕೇಳಿ ಪಡೆಯಿರಿ.